ಮರೆಮ್ಮ ಗೋಡೆಯಾಗಲು ಕಲಿತದ್ದು

ಸುರಪುರದ ಕಡೆಯ ತನ್ನ ಊರಿನಲ್ಲಿ ಮರೆಮ್ಮನಿಗೆ ಮಾತಿನ ಮಲ್ಲಿ ಎಂದೇ ಹೆಸರು. ನೀರಿಗೆ ಹೋದರೆ ಕೊಡ ತುಂಬುತ್ತಿತ್ತು, ಅವಳ ಸುದ್ದಿ ಮಾತ್ರ ಮುಗಿಯುತ್ತಿರಲಿಲ್ಲ. ತೊಂಬತ್ತಾರರಲ್ಲಿ ಮದುವೆಯಾಗಿ ಗಂಡ ಅವ್ವಣ್ಣನ ಹಿಂದೆ ಪುಣೆಗೆ ಬಂದಾಗ ಆ ಮಾತನ್ನೆಲ್ಲ ಗಂಟು ಕಟ್ಟಿಕೊಂಡೇ ಬಂದಳು. ಬಿಚ್ಚಲು ಜಾಗ ಸಿಗಲಿಲ್ಲ. ಅವ್ವಣ್ಣ ಗೋಡೆ ಕಟ್ಟುವುದರಲ್ಲಿ ಒಳ್ಳೆಯ ಗೌಂಡಿ, ಕುಡಿಯುವವನಲ್ಲ, ಹೊಡೆಯುವವನಲ್ಲ; ಆದರೆ ಹತ್ತು ಕೇಳಿದರೆ ಒಂದಕ್ಕೆ ಹೂಂ ಅನ್ನುವ ಆಸಾಮಿ. ಕೆಲಸದ ಹೆಂಗಸರದು ಮರಾಠಿ, ಇಲ್ಲವೇ ಹಿಂದಿ. ಮರೆಮ್ಮನ ಮರಾಠಿಯೋ ನೀರು, ಚಹಾ, ಇಟ್ಟಿಗೆಯ ಆಚೆ ದಾಟಲಿಲ್ಲ. ಅಪರೂಪಕ್ಕೆ ತಮ್ಮ ಕಡೆಯವಳೊಬ್ಬಳು ಪಕ್ಕದ ಶೆಡ್ಡಿಗೆ ಬಂದು ಇನ್ನೇನು ಗೆಳೆತನ ಕುದುರಿತು ಅನ್ನುವಾಗ ಅವಳ ಮುಕಾದಮ ತನ್ನ ಆಳುಗಳನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹಿಂಜವಾಡಿಯ ಕೆಲಸಕ್ಕೆ ಒಯ್ದುಬಿಡುತ್ತಿದ್ದ. ಊರಿನಲ್ಲಿ ಬಾಯಿಗೆ ಬೀಗವಿಲ್ಲದವಳು ಇಲ್ಲಿ ದಿನಗಟ್ಟಲೆ ತುಟಿ ಬಿಚ್ಚದೆ ಬುಟ್ಟಿ ಹೊತ್ತಳು.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಅಕ್ಕು ಹುಟ್ಟಿದಳು. ಹೆಣ್ಣಾಯಿತಲ್ಲ ಎಂದು ಪಕ್ಕದವರು ಮುಖ ಸಣ್ಣದು ಮಾಡಿದರೆ ಮರೆಮ್ಮ ಒಳಗೊಳಗೇ ಹಿಗ್ಗಿದಳು. ಕೊನೆಗೂ ಮಾತಿಗೊಬ್ಬಳು ಜೊತೆಯಾದಳು! ಸೀರೆಯ ಜೋಳಿಗೆಯಲ್ಲಿ ಕೂಸನ್ನು ತೂಗುತ್ತ ಊರಿನ ಸುದ್ದಿಯನ್ನೆಲ್ಲ ಹೇಳಿದಳು: ಯಾರ ಎಮ್ಮೆ ಯಾರ ಹೊಲ ಮೇಯ್ದಿತ್ತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಳು. ಎರಡು ವರ್ಷ ತುಂಬಲಿ, ಇದಕ್ಕೆಲ್ಲ ಸೇರಿಸಿ ಉತ್ತರ ಕೊಡುತ್ತಾಳೆ ಎಂದು ಕಾದಳು. ಎರಡು ತುಂಬಿತು. ಅಕ್ಕು ನಡೆದಳು, ಓಡಿದಳು, ಮಾತಾಡಲಿಲ್ಲ. ಅವ್ವ ಎಂದೂ ಕರೆಯಲಿಲ್ಲ. ತಾಯಿ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡರೆ, ದೂರದ ಕುಲ್ಫಿ ಗಾಡಿಯ ಗಂಟೆಗೆ ಎದ್ದು ನಿಲ್ಲುತ್ತಿದ್ದಳು.

ಅತ್ತೆ ರುದ್ರವ್ವ ಊರಿನಿಂದ ಬಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಗುಡಿಯ ಗಂಟೆ ತೊಳೆದ ನೀರು ಕುಡಿಸಿದಳು. ಗಿಣಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬಂದೇ ಬರುತ್ತದೆಂದು ಹೇಳಿ ಹೊರಟುಹೋದಳು. ಹಣ್ಣು ಸಿಕ್ಕಿತು, ಗಿಣಿ ಎಲ್ಲಿಂದ ತರುವುದು? ಹಡಪಸರದ ಬಸ್ ಸ್ಟ್ಯಾಂಡಿನ ಬಳಿ ಗಿಣಿಶಾಸ್ತ್ರ ಹೇಳುವವನೊಬ್ಬ ಕೂರುತ್ತಿದ್ದ. ಮರೆಮ್ಮ ರಜೆಯ ದಿನ ಪೇರಲ ಹಣ್ಣು ಹಿಡಿದು ಅವನೆದುರು ಕೂತಳು. ಆ ಗಿಣಿಗೆ ಚೀಟಿ ಎಳೆದೇ ರೂಢಿ; ಹಣ್ಣು ಮುಂದಿಟ್ಟರೆ ಅದನ್ನು ದಾಟಿ ಹೋಗಿ ಚೀಟಿ ಎಳೆಯಿತು. ಮೂರು ಸಲ ಹಾಗಾದ ಮೇಲೆ ನಾಲ್ಕನೆಯ ಸಲ ಮನಸ್ಸು ಮಾಡಿ ಹಣ್ಣು ಕಚ್ಚಿತು. ಅಕ್ಕು ಅದನ್ನು ಬೀಜ ಸಹಿತ ತಿಂದು ಬಾಯಿ ಒರೆಸಿಕೊಂಡಳು. ಅಷ್ಟೇ ಆಯಿತು.

ಆಗ ಅವರಿದ್ದದ್ದು ಹಡಪಸರದ ಆಚೆ ಒಂದು ಕಟ್ಟಡದ ಬಳಿ, ತಗಡಿನ ಪತ್ರಾ ಶೆಡ್ಡಿನಲ್ಲಿ. ಮೇಲಿನ ಮಹಡಿಗೆ ಹತ್ತಿದರೆ ದೂರದಲ್ಲಿ ಮಗರಪಟ್ಟಾದ ಹೊಸ ಮನೆಗಳು ಕಾಣುತ್ತಿದ್ದವು. ಕೂಲಿಯವರ ಮಕ್ಕಳಿಗೆಂದು ಕೆಳಗೆ ಒಂದು ಬಾಲವಾಡಿ ಇತ್ತು, ಅಲ್ಲಿ ಗೋಡೆಗೆ ಮರಾಠಿ ಅಕ್ಷರಗಳ ದೊಡ್ಡ ಹಾಳೆ ತೂಗುಹಾಕಿತ್ತು. ಅಕ್ಕುವಿಗೆ ಎರಡೂವರೆ ತುಂಬಿದ ಹೊತ್ತಿನಲ್ಲಿ ಒಂದು ಮಧ್ಯಾಹ್ನ, ಸಿಮೆಂಟಿನ ಚೀಲಗಳ ಎದುರು ಕೂತು ಅವಳು ಬೆರಳಿಟ್ಟು ಏನೋ ಹೇಳುತ್ತಿದ್ದುದು ಒಬ್ಬ ಗೌಂಡಿಯ ಕಿವಿಗೆ ಬಿತ್ತು. ಬಗ್ಗಿ ನೋಡಿದರೆ, ಚೀಲದ ಮೇಲಿದ್ದ ಅಕ್ಷರಗಳನ್ನು ಕೂಸು ಒಂದೊಂದಾಗಿ ಓದುತ್ತಿತ್ತು. ಮಾತು ಬಾರದ ಕೂಸು.

ಸುದ್ದಿ ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿತು. ನಾಲಿಗೆಯ ಮೇಲೆ ಶಾರದೆ ಬಂದು ಕೂತಿದ್ದಾಳೆ ಎಂದರು. ಹೆಂಗಸರು ಹಣೆಗೆ ಕುಂಕುಮವಿಟ್ಟು ಕಾಲು ಮುಟ್ಟಿದರು. ಹೆತ್ತವರಿಗೆ ಹೆಗ್ಗಣವೂ ಮುದ್ದಂತೆ, ಇದು ಹೆಗ್ಗಣವೂ ಅಲ್ಲ. ಅವ್ವಣ್ಣನನ್ನು ಹಿಡಿಯುವವರೇ ಇರಲಿಲ್ಲ. ಸಂಜೆಯಾದರೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಹಾದ ಗಾಡಿಗೆ ಒಯ್ಯುವನು, ಬಸ್ಸಿನ ಬೋರ್ಡು, ಪೇಪರು, ಗೋಡೆಯ ಜಾಹೀರಾತು ಓದಿಸುವನು. ಮೂರು ತುಂಬುವಷ್ಟರಲ್ಲಿ ಅಕ್ಷರ ಕೂಡಿಸಿ ಪೂರಾ ಶಬ್ದವನ್ನೇ ಓದತೊಡಗಿದಳು. ಕೇಳಿದವರು ಬೆರಗಾಗಿ ಬಿಸ್ಕೀಟು ಕೊಟ್ಟರು. ಮಗಳು ತನ್ನನ್ನು ಕರೆಯುವುದಿಲ್ಲವಲ್ಲ ಎಂದು ಮರೆಮ್ಮ ಅತ್ತರೆ ಗಂಡನಿಗೆ ಸಿಟ್ಟು.

"ಮಾತು ಇವತ್ತಿಲ್ಲ ನಾಳಿ ಬರ್ತದ," ಅಂದ. "ನಮ್ಮ ವಂಶದಾಗ ಅಕ್ಷರ ಯಾರಿಗಿ ಬಂದಾದ ಹೇಳು."

ಅದು ನಿಜವೇ. ಮರೆಮ್ಮನೂ ಹೆಬ್ಬೆಟ್ಟು, ಅವನೂ ಹೆಬ್ಬೆಟ್ಟು. ಶೆಡ್ಡು ತುಂಬ ಜನ ನೆರೆದು ಮಗಳನ್ನು ಕೊಂಡಾಡುತ್ತಿದ್ದಾಗಲೇ ಅವಳಿಗೆ ಎಂದೂ ಇಲ್ಲದಷ್ಟು ಒಂಟಿಯೆನಿಸುತ್ತಿತ್ತು. ಆ ಜನಕ್ಕೆ ಬೇಕಾದದ್ದು ಅವರಿಗೆ ಸಿಕ್ಕಿತ್ತು. ಅವಳಿಗೆ ಬೇಕಾದದ್ದು ಒಂದೇ ಕರೆ, ಅದು ಮಾತ್ರ ಇಲ್ಲ.

ಮಳೆ ನಿಂತ ಮೇಲೆ ಒಂದು ದಿನ ಮೂರನೆಯ ಮಹಡಿಯಲ್ಲಿ ಸ್ಲ್ಯಾಬಿನಡಿಯ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಿದ್ದರು. ಕೆಳಗೆ ಹಗ್ಗ ಕಟ್ಟಿ ಕೆಂಪು ಬೋರ್ಡು ತೂಗುಬಿಟ್ಟಿದ್ದರು. ಅದು ಏನು ಹೇಳುತ್ತದೆಂದು ಓದು ಬಾರದವರಿಗೂ ಗೊತ್ತು, ಮುಕಾದಮ ದಿನಾ ಬಯ್ದು ತಿಳಿಸಿದ್ದ. ಬುಟ್ಟಿ ಹೊತ್ತ ಮರೆಮ್ಮ ನೋಡುತ್ತಾಳೆ, ಬಾಲವಾಡಿಯಿಂದ ನುಸುಳಿ ಬಂದ ಅಕ್ಕು ಆ ಬೋರ್ಡಿನ ಮುಂದೆ ನಿಂತಿದ್ದಾಳೆ. "ಧೋಕಾ. ಪುಢೇ ಜಾಊ ನಯೇ," ಎಂದು ಒಂದಕ್ಷರವೂ ತಪ್ಪದೆ ಗಟ್ಟಿಯಾಗಿ ಓದಿದಳು. ಅಪಾಯ, ಮುಂದೆ ಹೋಗಬಾರದು. ಓದಿದವಳೇ ಹಗ್ಗದಡಿ ತೂರಿ ಮುಂದೆ ಹೋದಳು.

ಮರೆಮ್ಮ ಹೆಸರು ಹಿಡಿದು ಕೂಗಿದಳು. ಅಕ್ಕು ತಿರುಗಲಿಲ್ಲ. ಬುಟ್ಟಿ ಬಿಸುಟು ಓಡಿ, ರಟ್ಟೆ ಹಿಡಿದು ಎಳೆದುಕೊಂಡಾಗ ಆಳೆತ್ತರದ ಹಲಗೆಯೊಂದು ಅವರಿಂದ ಮೂರು ಮಾರು ಆಚೆ ಬಿತ್ತು. ಕೂಸು ಅಳಲೂ ಇಲ್ಲ. ಬೋರ್ಡಿನ ಕಡೆ ಕುತ್ತಿಗೆ ತಿರುಗಿಸಿ ಅದನ್ನೇ ಮತ್ತೊಮ್ಮೆ ಓದಿತು. ಶಾರದೆಯ ಮೇಲೆ ಮರೆಮ್ಮನಿಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಾಲವಾಡಿ ನೋಡಿಕೊಳ್ಳುತ್ತಿದ್ದ ಶಾಮಲಾಬಾಯಿ ಬೆಳಗಾವಿಯವರು, ಮಕ್ಕಳೊಡನೆ ಮರಾಠಿ ಆಡಿದರೂ ಮನೆಮಾತು ಕನ್ನಡ. ಅವರೇ ಮುಂದಾಗಿ ತಾಯಿ ಮಗಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಕಿವಿ ಸರಿಯಿದೆ, ಬುದ್ಧಿಯೂ ಇದೆ, ಕೆಲವು ಮಕ್ಕಳಿಗೆ ಹೀಗೆ ಅಕ್ಷರ ಮೊದಲು ಬಂದು ಮಾತು ಹಿಂದುಳಿಯುತ್ತದೆ, ಓದುವುದೆಲ್ಲ ತಿಳಿದು ಓದುವುದಲ್ಲ, ಬಿಡದೆ ಕಲಿಸುತ್ತಿರಬೇಕು ಎಂದರು ಡಾಕ್ಟರು. ಎಷ್ಟು ದಿನಕ್ಕೆ ಮಾತು ಬರುತ್ತದೆ ಎಂದು ಮಾತ್ರ ಅವರೂ ಹೇಳಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಅಕ್ಕು ಕಿಟಕಿಯಾಚೆಯ ಅಂಗಡಿಗಳನ್ನು ಓದುತ್ತ ಕೂತಿದ್ದಳು. ಮರೆಮ್ಮ ಶಾಮಲಾಬಾಯಿಯ ಕಡೆ ತಿರುಗಿದಳು.

"ಅಕ್ಕೋರ, ಆಕಿ ಗ್ವಾಡಿ ಜೋಡಿ ಮಾತಾಡ್ತಾಳ, ನನ್ನ ಜೋಡಿ ಆಡಂಗಿಲ್ಲರೀ. ನನಗ ಗ್ವಾಡಿ ಆಗಲಿಕ್ಕಿ ಕಲಿಸ್ರಿ."

ಶಾಮಲಾಬಾಯಿ ಕಲಿಸಿದರು. ಒಂದೇ ಒಂದು ಶಬ್ದ: ಅವ್ವ. ಕೂಸಿಗೆ ಗೊತ್ತಿದ್ದದ್ದು ಮರಾಠಿ ಅಕ್ಷರ, ಅದರಲ್ಲೇ ಬರೆಯುವುದು. ಹತ್ತು ಇಟ್ಟಿಗೆ ಒಮ್ಮೆಗೇ ಹೊರುವ ತಲೆಗೆ ಆ ಒಂದು ಶಬ್ದ ಹೊರುವುದು ಕಷ್ಟವಾಯಿತು. ಊಟದ ಬಿಡುವಿನಲ್ಲಿ ರೊಟ್ಟಿ ಒಂದು ಕೈಯಲ್ಲಿ, ಬಳಪ ಇನ್ನೊಂದರಲ್ಲಿ. ಬಳಪ ಮುರಿಯುತ್ತಿತ್ತು, ಗೆರೆ ಎಲ್ಲೆಲ್ಲೋ ಓಡುತ್ತಿತ್ತು. ನೋಡಿದ ಹೆಂಗಸರು ನಕ್ಕು, ಮಗಳು ಮಾಸ್ತರಾದಳು, ತಾಯಿ ಶಾಲೆಗೆ ಸೇರಿದಳು ಎಂದು ಅಣಕಿಸಿದರು. ಮೂರು ವಾರ ಹಿಡಿಯಿತು.

ಒಂದು ಸಂಜೆ ಶೆಡ್ಡಿನ ಪತ್ರಾ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಮಗಳನ್ನು ಎದುರು ನಿಲ್ಲಿಸಿದಳು. "ಅವ್ವ," ಎಂದಳು ಅಕ್ಕು, ಪತ್ರಾಕ್ಕೆ. "ಓ," ಎಂದಳು ಮರೆಮ್ಮ, ಹಿಂದಿನಿಂದ. ಅಕ್ಕು ಮತ್ತೆ ಓದಿದಳು. ಮರೆಮ್ಮ ಮತ್ತೆ ಓಗೊಟ್ಟಳು. ಇಪ್ಪತ್ತು ಸಲ ಹಾಗೇ ನಡೆಯಿತು, ಕೂಸು ಒಮ್ಮೆಯೂ ತಿರುಗಲಿಲ್ಲ. ಮೂರು ವರ್ಷ ಕಾದ ಶಬ್ದ ಕಿವಿಗೆ ಬಿದ್ದಿತ್ತು, ಆದರೆ ಬೇರೆಯವರ ಮನೆಯ ಕರೆ ಕೇಳಿದ ಹಾಗಿತ್ತು. ಅವಳು ಒಲೆಯ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವ್ವಣ್ಣ ಬಂದು ಗೋಡೆ ನೋಡಿ, ಮಗಳು ಬರೆದಳೇ ಎಂದು ಕೇಳಿದ. ಮರೆಮ್ಮ ಹೂಂ ಅಂದಳು.

ಮರುದಿನದಿಂದ ಅದನ್ನು ಅಂಗೈಯ ಮೇಲೆ ಬರೆದುಕೊಳ್ಳತೊಡಗಿದಳು. ಗೋಡೆಗಾದರೆ ಮುಖವಿಲ್ಲ, ಕೈಗೆ ಹತ್ತಿರವೇ ಮುಖವಿದೆಯಲ್ಲ ಎಂಬ ಆಸೆ. ಶಾಮಲಾಬಾಯಿಯ ಪೆನ್ನಿನಿಂದ ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಬೆವರಿಗೆ ಹೋಗುವುದು; ಸಂಜೆ ಮಗಳನ್ನು ಕರೆದೊಯ್ಯುವ ಮೊದಲು ಕೈ ತೊಳೆದು ಮತ್ತೆ ಬರೆಯುವಳು. ಅಕ್ಕು ಕೈ ಎಳೆದುಕೊಂಡು, ಬೆರಳು ಬಿಡಿಸಿ, ಓದುವಳು. ತಾಯಿ ಓ ಅನ್ನುವಳು. ಮುಖ ಮಾತ್ರ ಮೇಲೇಳಲಿಲ್ಲ. ಚಳಿಗಾಲ ಬಂತು.

ಸ್ಲ್ಯಾಬ್ ಹಾಕುವ ದಿನ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಅಂಥ ಒಂದು ದಿನ ಬೆಳಿಗ್ಗೆಯಿಂದ ಕಾಂಕ್ರೀಟಿನ ಮಾಲು ಹೊತ್ತು ಮರೆಮ್ಮನಿಗೆ ಪೆನ್ನಿನ ನೆನಪೇ ಬರಲಿಲ್ಲ. ಬಂದಿದ್ದರೂ ಬರೆಯಲು ಜಾಗವಿರಲಿಲ್ಲ, ಸಿಮೆಂಟು ತಿಂದು ಅಂಗೈ ಸಿಪ್ಪೆ ಎದ್ದಿತ್ತು. ಹೊತ್ತು ಮುಳುಗುವಾಗ ಬಾಲವಾಡಿಗೆ ಬಂದಳು. ಉಳಿದ ಮಕ್ಕಳು ಹೋಗಿಯಾಗಿತ್ತು, ಶಾಮಲಾಬಾಯಿ ಒಳಗೆ ಚಾಪೆ ಸುತ್ತುತ್ತಿದ್ದರು. ಮರೆಮ್ಮ ಹೊಸ್ತಿಲಲ್ಲಿ ಕುಕ್ಕರಿಸಿದಳು. ಅಕ್ಕು ಬಂದು ಎಂದಿನಂತೆ ಕೈ ಎಳೆದುಕೊಂಡು ಬೆರಳು ಬಿಡಿಸಿದಳು. ಅಲ್ಲಿ ಏನೂ ಇರಲಿಲ್ಲ. ಕೂಸು ಓದಲು ಬಂದಿದೆ, ತಾನು ಬರಿಗೈಯಲ್ಲಿ ಬಂದೆ ಎಂದು ಮರೆಮ್ಮನಿಗೆ ಸಂಕಟವಾಯಿತು. ಕೈ ಹಿಂದೆಗೆಯಲು ನೋಡಿದಳು. ಅಕ್ಕು ಬಿಡಲಿಲ್ಲ. ಸುಲಿದ ಅಂಗೈಯನ್ನು ಬಹಳ ಹೊತ್ತು ನೋಡಿದಳು.

"ಅವ್ವ," ಎಂದಳು.

ಮರೆಮ್ಮ ಬಗ್ಗಿ ಅಂಗೈ ನೋಡಿದಳು, ಅಲ್ಲಿ ಒಂದಕ್ಷರವೂ ಇರಲಿಲ್ಲ. ಓ ಅನ್ನುವುದೇ ಮರೆತುಹೋಯಿತು. ಅಕ್ಕು ಕಾದಳು, ಈ ಶಬ್ದ ಓದಿದಾಗಲೆಲ್ಲ ಬರುತ್ತಿದ್ದ ಓ ಇವತ್ತು ಬರಲಿಲ್ಲ. ಅದು ಎಲ್ಲಿ ಹೋಯಿತೆಂದು ಹುಡುಕುತ್ತ ಅವಳ ಕಣ್ಣು ಅಂಗೈ ಬಿಟ್ಟು, ತೋಳು ಹಿಡಿದು ಮೇಲೆ ಬಂದು, ತಾಯಿಯ ಬಾಯಿಯ ಮೇಲೆ ನಿಂತಿತು. ಅಲ್ಲಿ ನೋಡುತ್ತ ಇನ್ನೊಮ್ಮೆ ಕರೆದಳು.