ಒಡೆಯದ ಚಷ್ಮಾ

ಮೊನ್ನೆ ಅಥಣಿಯ ಚಷ್ಮಾದಂಗಡಿಯಲ್ಲಿ ಅಂಗಡಿಯಾತ ಹೊಸ ಲೆನ್ಸೊಂದನ್ನು ನನ್ನ ಕಣ್ಣೆದುರೇ ನೆಲಕ್ಕೆ ಒಗೆದ. ಅದು ಟಪ್ಪನೆ ಪುಟಿದು ಕುರ್ಚಿಯ ಕೆಳಗೆ ಹೋಯಿತು. "ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಐತ್ರಿ. ಸುತ್ತಿಗಿಲೆ ಹೊಡೀರಿ, ಏನೂ ಆಗಂಗಿಲ್ಲ," ಎಂದ. ತನ್ನ ಚಷ್ಮಾದ ಮೇಲೆ ತಾನೇ ಕೂತು ಮುರಿಯುವ ನನ್ನಂಥವನಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ? ಆದರೆ ಆ "ಏನೂ ಆಗಂಗಿಲ್ಲ" ಕೇಳಿದ್ದೇ ನನಗೆ ಕಾಕು ನೆನಪಾದಳು.

ಕಾಕು ಎಂದರೆ ನನ್ನ ಕಾಕಾನ ಹೆಂಡತಿ. ರಾಯಬಾಗದ ಕಡೆಯ ನಮ್ಮ ಜೈನರ ಮನೆಯಲ್ಲಿ ಅಡುಗೆಮನೆ ಪೂರ್ತಿ ಅವಳದೇ. ಅವಳ ಬಲಗಣ್ಣು ಹರೆಯದಲ್ಲೇ ಹೋಗಿತ್ತು; ಹೊಲದಲ್ಲಿ ಕಬ್ಬಿನ ರವದಿಯ, ಅಂದರೆ ಒಣಗಿದ ಗರಿಯ, ಚೂಪು ತುದಿ ಚುಚ್ಚಿತ್ತು. ಉಳಿದೊಂದು ಕಣ್ಣಿನಿಂದ ಅವಳು ನೀರು ಸೋಸುವುದನ್ನು, ಜೋಳ ಹಸನು ಮಾಡುವುದನ್ನು ನೀವು ನೋಡಬೇಕಿತ್ತು! ಪರಾತದ ಕಾಳಿನಲ್ಲಿ ನುಸಿಯೊಂದು ಕಂಡರೆ ಮೆಲ್ಲಗೆ ಎತ್ತಿ ಹಿತ್ತಲಿಗೆ ಬಿಟ್ಟು, "ಹೋಗವ್ವಾ, ನಿನ್ನ ಮನಿಗೆ ಹೋಗು," ಎನ್ನುವಳು. ಅದರ ಮನೆ ನಮ್ಮ ಜೋಳದ ಚೀಲವೇ ಅಲ್ಲವೇ ಎಂದರೆ ನನ್ನ ತಲೆಗೊಂದು ಮೊಟಕುವಳು.

ತೊಂಬತ್ತರ ದಶಕದ ಕೊನೆಗೆ ಅವಳಿಗೆ ಹತ್ತಿರದ್ದು ಕಾಣದಾಯಿತು. ಇರುವುದೇ ಒಂದು ಕಣ್ಣು, ಗಾಜು ಒಡೆದು ಚೂರು ಹೊಕ್ಕರೆ ಕಷ್ಟ ಎಂದು ಮಿರಜದ ಡಾಕ್ಟರು ಪಾಲಿಕಾರ್ಬೊನೇಟ್ ಹಾಕಿಸಲು ಹೇಳಿದರು. ಅಲ್ಲಿಯ ಅಂಗಡಿಯವನೂ ಹೀಗೆಯೇ ಒಗೆದು ತೋರಿಸಿದ. ಊರಿಗೆ ಬಂದ ಕಾಕು ಓಣಿಯ ಹೆಂಗಸರ ಮುಂದೆಲ್ಲ ಚಷ್ಮಾ ನೆಲಕ್ಕೆ ಒಗೆದೊಗೆದು, "ಒಡ್ಯಾಕ ಇದೇನ ಕಾಚ ಅಲ್ಲಬೇ. ಏನ ಮಾಡಿದ್ರೂ ಏನೂ ಆಗಂಗಿಲ್ಲ!" ಎಂದು ಮೆರೆದಳು.

ಏನೂ ಆಗದ ವಸ್ತುವನ್ನು ಹೇಗೆ ತೊಳೆಯಬೇಕು? ಕಾಕು ತಂಬಿಗೆ, ತಾಟು ಬೆಳಗುವ ಹಾಗೆಯೇ ಬೆಳಗಿದಳು. ಕುಳ್ಳಿನ ಬೂದಿ, ತೆಂಗಿನ ನಾರು. ದಿನಾ ಬೆಳಿಗ್ಗೆ ಭಾಂಡೆಗಳ ಜೊತೆಗೆ ಚಷ್ಮಾ. ಅದು ಒಡೆಯುವುದಿಲ್ಲ ನಿಜ, ಆದರೆ ಅದರ ಮೈ ಮೆತ್ತಗೆ, ಗೀರು ಬೇಗ ಬೀಳುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬರಬರುತ್ತ ಕಾಕುಗೆ ಚಷ್ಮಾ ತೆಗೆದರೂ ಮಂಜು, ಹಾಕಿದರೂ ಮಂಜು. ಕಣ್ಣೇ ಹೋಗುತ್ತಿದೆ ಎಂದುಕೊಂಡಳು. ಮನೆಯವರು ಹೆದರಿಯಾರೆಂದು ಬಾಯಿ ಬಿಡದೆ, ಇನ್ನಷ್ಟು ಬೂದಿ ಹಚ್ಚಿ ತಿಕ್ಕಿದಳು.

ಆ ವರ್ಷ ಮುನಿ ಮಹಾರಾಜರು ಊರಿಂದೂರಿಗೆ ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ನಮ್ಮೂರಿಗೆ ಬಂದರು. ನಿಮಗೆ ಗೊತ್ತಿರಬಹುದು, ಅವರು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುವವರು. ತುತ್ತಿನಲ್ಲಿ ಕೂದಲೋ ಇರುವೆಯೋ ಬಂದರೆ ಅಂತರಾಯ. ಅಲ್ಲಿಗೇ ಕೈಬಿಟ್ಟು ಮರುದಿನದವರೆಗೂ ಉಪವಾಸ. ಯಾರ ಬಾಗಿಲಲ್ಲಿ ನಿಲ್ಲುತ್ತಾರೆಂದು ಮೊದಲೇ ತಿಳಿಯದು. ಮದುವೆಯಾಗಿ ಬಂದಾಗಿನಿಂದ ಕಾಕು ಅವರನ್ನು ಬರಮಾಡಿಕೊಳ್ಳಲು ಕಳಶ ಹಿಡಿದು ಬಾಗಿಲಲ್ಲಿ ಕಾದಿದ್ದಳು, ಒಬ್ಬರೂ ನಿಂತಿರಲಿಲ್ಲ. ಒಮ್ಮೆಯಾದರೂ ತನ್ನ ಕೈಯ ತುತ್ತು ಆ ಬೊಗಸೆಗೆ ಬೀಳಬೇಕು, ಅದೊಂದೇ ಅವಳ ಆಸೆ.

ಅವತ್ತು ಬೆಳಿಗ್ಗೆ ಅವ್ವ ಕರೆದರೂ ಕಾಕು ಒಲೆಯ ಹತ್ತಿರ ಬರಲಿಲ್ಲ. "ನೀನ ಮಾಡಕ್ಕಾ. ನನ್ನ ಕಣ್ಣಾಗ ಬೆಳಕ ಉಳಿದಿಲ್ಲ. ನನ್ನ ಕೈಲೆ ಅಂತರಾಯ ಆಗೂದ ಬ್ಯಾಡ," ಎಂದಳು. ನಾವು ದಂಗಾದೆವು.

ಮಹಾರಾಜರು ಅವತ್ತೇ ನಮ್ಮ ಬಾಗಿಲಲ್ಲಿ ನಿಂತರು! ಅವ್ವ ತುತ್ತು ನೀಡಿದಳು, ಅಪ್ಪ ಹಾಲು ನೀಡಿದ. ಅಪ್ಪ ಸನ್ನೆ ಮಾಡಿ ಕರೆದರೂ ಕಾಕು ತಲೆ ಅಲ್ಲಾಡಿಸಿ, ಗೋಡೆಗೆ ಒರಗಿ, ಕೈ ಮುಗಿದುಕೊಂಡೇ ನಿಂತಿದ್ದಳು.

ಮುಂದಿನ ವಾರ ಅವಳನ್ನು ಮಿರಜಕ್ಕೆ ಕರೆದೊಯ್ದೆವು. ಡಾಕ್ಟರು ಕಣ್ಣು ನೋಡಿದರು, ಆಮೇಲೆ ಚಷ್ಮಾವನ್ನು ಬೆಳಕಿಗೆ ಹಿಡಿದರು. "ಕಣ್ಣ ಛಲೋ ಐತಿ ಅಕ್ಕಾರ. ಕೆಟ್ಟಿದ್ದು ಚಷ್ಮಾ. ಯಾತರ್ಲೆ ತಿಕ್ಕೀರಿ ಇದನ್ನ?" ಎಂದರು. ನಾವೆಲ್ಲ ನಿರಾಳವಾಗಿ ನಕ್ಕೆವು. ಕಾಕು ಮಾತ್ರ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ಖರೇನ ಕಣ್ಣ ಹೋಗಿದ್ರ ತಾಳಕೋತಿದ್ನೋ ತಮ್ಮಾ. ಕಣ್ಣ ಇತ್ತಲ್ಲೋ! ಮಹಾರಾಜ್ರು ಬಂದಾಗ ನನ್ನ ಕಣ್ಣ ಇತ್ತಲ್ಲೋ!"

ಹೊಸ ಚಷ್ಮಾ ಹಾಕಿಕೊಂಡು ಅವಳು ಮತ್ತೆ ಎಷ್ಟೋ ಸಲ ಕಳಶ ಹಿಡಿದು ನಿಂತಳು. ಮುನಿಗಳು ಬಂದರು, ಮುಂದಿನ ಮನೆಗೆ ಹೋದರು. ಆ ಆಸೆ ತೀರದೆಯೇ ಕಾಕು ತೀರಿಕೊಂಡಳು.

ಇತ್ತ ಅಥಣಿಯ ಅಂಗಡಿಯಾತ ಲೆನ್ಸನ್ನು ಹೆಕ್ಕಿ ತಂದು, ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಗೂ ಅದನ್ನೇ ಹೇಳಿದ: "ಏನೂ ಆಗಂಗಿಲ್ಲಬೇ ಯಮ್ಮಾ."

ನನಗೆ ಸುಮ್ಮನಿರಲಾಗಲಿಲ್ಲ. "ಬೂದಿ ಹಚ್ಚಿ ತಿಕ್ಕಬ್ಯಾಡ್ರಿ ಅಜ್ಜಿ, ಗೀರ ಬೀಳತಾವ," ಎಂದೆ.

"ಮತ್ತ ಯಾತರ್ಲೆ ತಿಕ್ಕಲ್ಯೋ ಯಪ್ಪಾ?" ಎಂದಿತು ಮುದುಕಿ. ಥೇಟ್ ಕಾಕುವಿನ ಧಾಟಿ.

"ತಿಕ್ಕೂದ ಬ್ಯಾಡ್ರಿ. ನೀರಾಗ ಅದ್ದಿ, ಮೆತ್ತನ್ನ ಅರಿವಿಲೆ ಒರಸ್ರಿ ಸಾಕು," ಎಂದೆ. ಇಷ್ಟೇ ಮಾತು. ಇಷ್ಟನ್ನು ಆಗ ಯಾರಾದರೂ ಕಾಕುಗೆ ಹೇಳಿದ್ದರೆ ಸಾಕಿತ್ತು.