ಕೊಳವೆ ಬೇಡವೆಂದ ಮುನಿರತ್ನಮ್ಮ

ಕೋದಂಡರಾಮಯ್ಯನ ಸಾವನ್ನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಇಂದಿಗೂ ಹೊಗಳುವವರಿದ್ದಾರೆ. ಬೆಂಗಳೂರಿನ ದೊಡ್ಡಾಸ್ಪತ್ರೆ, ಗಾಜಿನ ಕೋಣೆ, ಮೂಗಿಗೊಂದು ಕೊಳವೆ, ಗಂಟಲಿಗೊಂದು ಕೊಳವೆ. ನೆಂಟರು ಎಳನೀರು ಹಿಡಿದುಕೊಂಡು ವ್ಯಾನು ಮಾಡಿಕೊಂಡು ಹೋದರು. ಕುಡಿಯುವ ಗಂಟಲೆಲ್ಲಿತ್ತು? ತಾವೇ ಕುಡಿದು, ಆಸ್ಪತ್ರೆಯ ನೆಲದ ಹೊಳಪನ್ನು ಕೊಂಡಾಡಿಕೊಂಡು ಬಂದರು. ಮಗ ರಾಜೇಂದ್ರ ಏನೂ ಕೊರತೆ ಮಾಡಲಿಲ್ಲವಂತೆ. ಬದುಕಿದ್ದಾಗ ಅಪ್ಪನ ಪಕ್ಕ ಕೂತು ಒಂದು ಲೋಟ ಕಾಫಿ ಕುಡಿಯದವನು, ಡಾಕ್ಟರು ಕೈಚೆಲ್ಲಿದ ಮೇಲೂ ಮಿಷಿನ್ನಿನಲ್ಲಿ ಉಸಿರಾಡಿಸಿದ.

ಗಂಡನ ಕೈಗಳನ್ನು ಮಂಚಕ್ಕೆ ಕಟ್ಟಿಹಾಕಿದ್ದನ್ನು ಮುನಿರತ್ನಮ್ಮ ನೋಡಿದ್ದಳು. ಕೊಳವೆ ಕೀಳಲು ಹೋಗಿದ್ದವಂತೆ ಆ ಕೈಗಳು. ಅವಳು ಅತ್ತಿದ್ದು ಅಂದು, ಸತ್ತ ದಿನವಲ್ಲ.

ತನಗೆ ಆ ಗತಿ ಬರಬಾರದು. ಉಳಿಯುವ ಭರವಸೆ ಇಲ್ಲದಾಗ ಮಿಷಿನ್ನು ಹಾಕಬೇಡಿ ಎಂದು ಮೊದಲೇ ಬರೆದಿಡಬಹುದೆಂದು ಸೊಸೆ ಅನಿತ ವಿಚಾರಿಸಿಕೊಂಡು ಬಂದಳು. ಮಾತು ನಿಂತಾಗ ಪರವಾಗಿ ನಿಲ್ಲುವ ಇಬ್ಬರ ಹೆಸರು ಬೇಕೆಂದರು ನೋಟರಿ. ಅನಿತ ಒಬ್ಬಳಾದಳು. ಮಾವನ ಬೆನ್ನಿನ ಹುಣ್ಣು ತೊಳೆದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಬ್ಬರು?

"ನನ್ನ ಹೆಸರು ಬೇಡಮ್ಮ," ಎಂದ ರಾಜೇಂದ್ರ. "ಅಮ್ಮನ್ನ ಸಾಯಿಸ್ಬಿಟ್ಟ ಅಂತ ಜನ ಆಡ್ಕೊಳಲ್ವಾ?"

"ನಿನ್ ಮರ್ಯಾದೆ ಉಳಿಸೋಕೆ ನಾನು ಪೈಪ್ ನುಂಗ್ಬೇಕಾ?"

"ಹಂಗಲ್ಲಮ್ಮ."

"ಹಂಗೇ ಕಣೋ."

ಅವನು ಎದ್ದುಹೋಗಿ ಮಗ್ಗದ ಸ್ವಿಚ್ಚು ಹಾಕಿದ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸದು. ಅಪ್ಪನಿಂದ ಅವನು ಚೆನ್ನಾಗಿ ಕಲಿತದ್ದು ಅದೊಂದೇ.

ಮುನಿರತ್ನಮ್ಮ ನೆಂಟರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದಳು. ಎಲ್ಲರೂ ಡಾಕ್ಟರ ಕಾಲು ಹಿಡಿದು ಗೋಳಾಡುವವರೇ. ಉಳಿದವಳು ನಾದಿನಿ ಅಶ್ವತ್ಥಮ್ಮ. ರಾಜೇಂದ್ರನ ಮದುವೆಯಲ್ಲಿ ತನಗೆ ಕೊಟ್ಟ ಉಡುಗೊರೆ ಸೀರೆಯ ಸೆರಗನ್ನು ಎಲ್ಲರೆದುರು ಬೆರಳಲ್ಲಿ ಉಜ್ಜಿ, "ರೇಷ್ಮೆ ಅಂದ್ರಲ್ಲ ಅತ್ಗೆ, ಇದು ಪಾಲಿಯೆಸ್ಟರು," ಎಂದವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಸ್ಪತ್ರೆಯಲ್ಲೂ ಗಾಜಿನಾಚೆ ಅಣ್ಣನನ್ನು ನೋಡಿ, "ನಮ್ಮಣ್ಣ ಹೋಗಾಯ್ತು, ಇದು ಮಿಷಿನ್ ಉಸಿರು," ಎಂದು ಬಸ್ಸು ಹತ್ತಿದ್ದಳು. ಮಾರಿ ಎಂದು ನೆಂಟರು ಶಪಿಸಿದರು. ಬಂದವರಲ್ಲಿ ಕಣ್ಣಿದ್ದವಳು ಆ ಮಾರಿಯೊಬ್ಬಳೇ.

ಅಶ್ವತ್ಥಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಏನತ್ಗೆ, ದಾರಿ ತಪ್ಪಿ ಬಂದ್ರಾ?"

"ಇಲ್ಲ, ನಿನ್ ಹತ್ರಾನೇ ಬಂದೆ. ಅಷ್ಟು ಗತಿಗೆಟ್ಟಿದೀನಿ."

ವಿಷಯ ಕೇಳಿದರೂ ಅವಳ ಕೈ ನಿಲ್ಲಲಿಲ್ಲ. "ನಾನ್ ಅಳಲ್ಲ, ಈಗ್ಲೇ ಹೇಳಿದೀನಿ."

"ಅಳೋರು ಮನೆ ತುಂಬ ಇದಾರೆ."

"ನಿಮ್ಮಗ ಅಡ್ಡ ಬಂದ್ರೆ?"

"ಮದುವೆಮನೇಲಿ ನನ್ ಮಾನ ಕಳೆದೋಳಿಗೆ ಆಸ್ಪತ್ರೆಲಿ ಅವನದ್ದು ಕಳೆಯೋಕಾಗಲ್ವಾ?"

ಅಶ್ವತ್ಥಮ್ಮ ಸಿಪ್ಪೆ ಕೊಡವಿ ಎದ್ದಳು. "ಅದು ಪಾಲಿಯೆಸ್ಟರೇ ಆಗಿತ್ತತ್ಗೆ."

"ಆಗಿತ್ತು. ಚಪ್ಲಿ ಹಾಕ್ಕೊ, ನೋಟರಿ ಊಟಕ್ಕೆ ಹೋಗ್ಬಿಡ್ತಾರೆ."

ಒಂದೇ ಆಟೋದಲ್ಲಿ ಇಬ್ಬರೂ ಮುಖ ಆಚೀಚೆ ತಿರುಗಿಸಿಕೊಂಡು ಕೂತರು. ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಬಂದ ಮೇಲೂ ಅವರು ರಾಜಿಯಾಗಲಿಲ್ಲ. ಮುನಿರತ್ನಮ್ಮನಿಗೆ ಬೇಕಾದದ್ದು ರಾಜಿಯಲ್ಲ. ಈಗ ಮಗ್ಗ ಎಷ್ಟೇ ಬಡಿದುಕೊಳ್ಳಲಿ, ಅವಳು ಕಣ್ಣುಮುಚ್ಚಿ ನಿದ್ದೆ ಹೋಗುತ್ತಾಳೆ.