ದೇವಕಿ ಆಂಟಿ ಶೇರುವಿಗೆ ಮಡಿ ಕಲಿಸಿದ್ದು

ದೇವಕಿ ಆಂಟಿ ಬಗ್ಗೆ ಬರೆ ಅಂದರೆ ನಾನು ಇಡೀ ದಿನ ಬರೆಯುತ್ತೇನೆ. ದೆಲ್ಲಿಯ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯೇ ಅವರದು. ಹಗಲೆಲ್ಲ ಮಿನಿಸ್ಟ್ರಿಯಲ್ಲಿ ಟೈಪಿಸ್ಟ್. ಸಂಜೆ ನಮ್ಮ ಲೈನಿನ ಚಿಳ್ಳೆಪಿಳ್ಳೆಗಳಿಗೆಲ್ಲ ಮಗ್ಗಿ ಹೇಳಿಕೊಡುವ ಮೇಷ್ಟ್ರು. ಮಗ್ಗಿ ತಪ್ಪಿದರೆ ಬೈಗುಳ ಇಲ್ಲ, ಸರಿಯಾಗಿ ಹೇಳಿದರೆ ಅಂಗೈಗೆ ಹುರಿಗಡಲೆ. ಅವರ ಮನೆಯಿಂದ ಅಳುತ್ತಾ ಹೊರಗೆ ಬಂದ ಮಗುವನ್ನು ನಾನಂತೂ ನೋಡಿಲ್ಲ.

ಎಪ್ಪತ್ಮೂರರ ಚಳಿಗಾಲದಲ್ಲಿ ಒಂದು ಸಂಜೆ ಅವರು ಬಸ್ ಸ್ಟಾಪಿನಿಂದ ಶಾಲಿನೊಳಗೆ ಒಂದು ನಾಯಿಮರಿ ಸುತ್ತಿಕೊಂಡು ಬಂದರು. ಹೆಸರು ಶೇರು ಅಂತ ಇಟ್ಟರು. ಗಂಡ ಚಂದ್ರಕಾಂತ ಅಂಕಲ್ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅವರು ಯಾವುದಕ್ಕೂ ಹಾಗೇ. ಮಾತಾಡಿದ್ದು ಅತ್ತೆ ಅಮ್ಮಣ್ಣಿ.

"ನಾಯಿ ಬೇಕಾದ್ರೆ ಇರ್ಲಿ. ನನ್ನ ಮಡಿ ಹತ್ರ ಮಾತ್ರ ಬರಕೂಡದು, ಹೇಳಿದೀನಿ."

ಅಮ್ಮಣ್ಣಿಯವರದು ಮೈಸೂರು ಕಡೆಯ ಗಟ್ಟಿ ಮಡಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿ ಸೀರೆ ಉಟ್ಟರೆ ಪೂಜೆ ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಬಚ್ಚಲು ವರಾಂಡದ ಈ ತುದಿಗೆ, ದೇವರು ಆ ತುದಿಗೆ. ನಡುವೆ ಶೇರು.

ಬೆಳಿಗ್ಗೆ ಮೊದಲು ಕಾಣಿಸುವ ಮನುಷ್ಯರು ಅವರೇ ಆದ್ದರಿಂದ ಶೇರುವಿಗೆ ಅವರನ್ನು ಕಂಡರೆ ಎಲ್ಲಿಲ್ಲದ ಪ್ರೀತಿ. ಬಚ್ಚಲ ಬಾಗಿಲು ತೆರೆದದ್ದೇ ತಡ, ಎರಡೂ ಮುಂಗಾಲು ಸೀರೆ ಮೇಲೆ!

"ಹಟ್! ಹಟ್!" ಎಂದು ಅಮ್ಮಣ್ಣಿ ಕಿರುಚುತ್ತಿದ್ದರು. ದೆಲ್ಲಿ ನಾಯಿಗೆ ಹಿಂದಿಯೇ ಅರ್ಥವಾಗುವುದು ಅಂತ ಅವರ ನಂಬಿಕೆ. ಶೇರು ಅದನ್ನು ಆಟ ಅಂದುಕೊಂಡು ಇನ್ನೂ ಎತ್ತರಕ್ಕೆ ನೆಗೆಯುತ್ತಿತ್ತು. ಜನವರಿಯ ನಲ್ಲಿ ನೀರು ಕೈಗೆ ಚೇಳು ಕಡಿದ ಹಾಗೆ. ಪಾಪ, ಆ ವಯಸ್ಸಿನಲ್ಲಿ ಅವರಿಗೆ ಎರಡೆರಡು ಸ್ನಾನ.

ದೇವಕಿ ಆಂಟಿ ತಮ್ಮ ಮಗ್ಗಿ ಪಾಠವನ್ನೇ ಶುರುಮಾಡಿದರು. ಶೇರು ನೆಗೆದ ಕೂಡಲೇ ಅಡುಗೆಮನೆಯಿಂದ ಓಡಿಬಂದು "ಇಳಿ, ಇಳಿ ಪುಟ್ಟಾ" ಅನ್ನುವುದು, ಇಳಿದರೆ ಹುರಿಗಡಲೆ ಕೊಡುವುದು. ಶೇರು ಜಾಣ, ಬೇಗ ಕಲಿಯಿತು. ಆದರೆ ಒಂದು ವಾರದಲ್ಲಿ ನೆಗೆತ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಒಂದು ಬೆಳಿಗ್ಗೆಯಂತೂ ಅಮ್ಮಣ್ಣಿಯವರಿಗೆ ಮೂರು ಸ್ನಾನ.

ಅವತ್ತು ಅವರು ಕೋಪ ಮಾಡಿಕೊಳ್ಳಲಿಲ್ಲ. ನಡುಗುತ್ತಾ ಕೂತು ಮಗನಿಗೆ ಹೇಳಿದರು, "ಚಂದ್ರೂ, ನನ್ನ ಕೈಲಿ ಆಗಲ್ಲಪ್ಪ. ಫರೀದಾಬಾದಿನ ನಿನ್ನ ಸ್ನೇಹಿತ ನಾಯಿ ಕೇಳಿದ್ನಲ್ಲ, ಭಾನುವಾರ ಬಂದು ಕರ್ಕೊಂಡು ಹೋಗ್ಲಿ."

ಆ ಸ್ನೇಹಿತ ಅಶ್ವತ್ಥನಾರಾಯಣ, ಅಲ್ಲಿನ ಯಾವುದೋ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವರಿಗೆ ಬೇಕಾಗಿದ್ದದ್ದು ಗೇಟಿಗೆ ಕಟ್ಟಿಹಾಕಿ ಕಾವಲಿಗೆ ಬಿಡುವ ನಾಯಿ.

ಅವತ್ತು ಸಂಜೆ ಆಂಟಿ ಮಗ್ಗಿ ಕೇಳಲೇ ಇಲ್ಲ. ನಮ್ಮಮ್ಮನ ಹತ್ತಿರ ಮೆಲ್ಲಗೆ ಹೇಳಿದರು, "ಆಫೀಸಿಂದ ಬಂದಾಗ ಕಾಫಿ ಎಲ್ಲಿ, ಪಲ್ಯ ಏನು ಅಂತ ಕೇಳ್ದೆ ಬರೀ ನನ್ನ ನೋಡಿ ಖುಷಿ ಪಡೋದು ಅದೊಂದೇ ರೀ."

ಮಾರನೆಯ ಬೆಳಿಗ್ಗೆ ಅವರು ಓಡಿಬರದೆ, ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಶೇರು ನೆಗೆಯಿತು, ತಾನಾಗಿಯೇ ಇಳಿಯಿತು, ತಿರುಗಿ ಆಂಟಿಯ ಕೈ ನೋಡಿತು. ಕಡಲೆ ಬರಲಿಲ್ಲ. ಮತ್ತೆ ನೆಗೆಯಿತು, ಇಳಿಯಿತು, ಕೈ ನೋಡಿತು.

"ಅಯ್ಯೋ, ತಪ್ಪು ನಂದೇ!" ಅಂದರು ಆಂಟಿ. "ಅತ್ತೆ, ನೆಗೆದು ಇಳಿದ್ರೆ ಕಡಲೆ ಅಂತ ನಾನೇ ಕಲ್ಸಿಬಿಟ್ಟಿದೀನಿ. ನೆಗೆಯೋಕೆ ಮುಂಚೆ ಕೊಡ್ಬೇಕಿತ್ತು. ಅದೂ ನೀವೇ ಕೊಡ್ಬೇಕು."

"ನಾನಾ? ಮಡಿಯಲ್ಲಿ ನಾಯಿಗೆ ತಿನ್ಸೋದಾ? ನಿಂಗೇನಾದ್ರೂ ಬುದ್ಧಿ ಇದ್ಯಾ?"

"ಮುಟ್ಬೇಡಿ, ಮೇಲಿಂದ ಹಾಕಿ. ಮಡಿಯಲ್ಲಿದ್ದೇ ಕಾಗೆಗೆ ಅನ್ನ ಹಾಕಲ್ವಾ?"

"ಕಾಗೆ ಬಂದು ನನ್ನ ಸೀರೆ ಹಿಡ್ಕೊಳ್ಳುತ್ತೇನೇ?"

"ನೀವು ಮೊದ್ಲೇ ಹಾಕ್ತೀರಲ್ಲ ಅತ್ತೆ, ಅದಕ್ಕೇ ಹಿಡ್ಕೊಳ್ಳಲ್ಲ."

ಅಮ್ಮಣ್ಣಿ ಸೀರೆಯ ನೆರಿಗೆ ಮೇಲೆತ್ತಿ ಹಿಡಿದುಕೊಂಡರು. "ಚಪಾತಿ ಗಿಪಾತಿ ಮುಟ್ಟಲ್ಲ, ಬೇಯಿಸಿದ್ದೆಲ್ಲ ಮುಸುರೆ" ಅಂದರು.

"ಹುರಿಗಡಲೆ ಒಣಗಿದ್ದು ಅತ್ತೆ. ಗಣೇಶಂಗೆ ಬೆಲ್ಲ ಹಾಕಿ ನೈವೇದ್ಯ ಮಾಡಲ್ವಾ?"

"ಭಾನುವಾರದ ತನಕ ಮಾತ್ರ" ಅಂದರು ಅಮ್ಮಣ್ಣಿ.

ಬಚ್ಚಲ ಕಿಟಕಿಯಲ್ಲಿ ಒಂದು ಡಬ್ಬಿ ಕೂತಿತು. ಅಮ್ಮಣ್ಣಿ ಮೊದಲು ಬಾಗಿಲ ಸಂದಿಯಿಂದ ಕೈ ಮಾತ್ರ ಹೊರಗೆ ಚಾಚಿ ಕಡಲೆ ಎರಚುತ್ತಿದ್ದರು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಕಡಲೆ, ಕಾಲೆತ್ತಿದರೆ ಬಾಗಿಲು ಬಂದ್. ಶೇರು ತಲೆ ಓರೆ ಮಾಡಿ ಯೋಚಿಸಿತು. ಆಮೇಲೆ ಆಂಟಿ ಹೇಳಿಕೊಟ್ಟದ್ದು, "ಈಗ ಅದು ಕೂತ ಮೇಲೇ ಹಾಕಿ." ಒಂದೆರಡು ಸಲ ತಪ್ಪಿತು, ಸೀರೆಗೆ ಮಣ್ಣೂ ಆಯಿತು. ಆದರೂ ಅಮ್ಮಣ್ಣಿ ಡಬ್ಬಿ ಬಿಡಲಿಲ್ಲ.

ಭಾನುವಾರ ಅಶ್ವತ್ಥನಾರಾಯಣ ಹೇಳಿದ್ದಕ್ಕಿಂತ ಬೇಗನೇ ಬಂದರು, ಕೈಯಲ್ಲಿ ಹೊಸ ಹಗ್ಗ. ಬರಬೇಡಿ ಅಂತ ಯಾರೂ ಹೇಳಿರಲಿಲ್ಲ. ಹೊಸಬರನ್ನು ಕಂಡು ಶೇರುವಿಗೆ ಹುಚ್ಚು ಸಂಭ್ರಮ. ವರಾಂಡದಲ್ಲೆಲ್ಲ ಸುತ್ತಿ, ಅವರ ಪ್ಯಾಂಟಿಗೆ ಮಣ್ಣಿನ ಕಾಲಿಟ್ಟು ಮೂಸಿತು.

"ಚಂದ್ರಕಾಂತ, ಇದಕ್ಕೆ ನಾಲ್ಕು ಬಾರಿಸೋರು ಬೇಕಯ್ಯ. ಗೇಟಿಗೆ ಕಟ್ಟಿದ್ರೆ ಸರಿಹೋಗುತ್ತೆ" ಎಂದು ನಕ್ಕರು.

ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆಯಿತು. ಶೇರು ಬಾಣದಂತೆ ಅತ್ತ ಓಡಿತು. ಆಂಟಿ ಅಡುಗೆಮನೆಯಲ್ಲಿ, ಎರಡೂ ಕೈ ದೋಸೆ ಹಿಟ್ಟಿನೊಳಗೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರಂತೆ.

ಶೇರು ಸೀರೆಯ ಅಂಚಿಗೆ ಒಂದು ಗೇಣು ದೂರದಲ್ಲಿ ಕುಕ್ಕರಿಸಿತು. ಮೈಯೆಲ್ಲ ಅದುರುತ್ತಿದೆ, ಬಾಲ ನೆಲ ಗುಡಿಸುತ್ತಿದೆ, ಆದರೆ ಕಾಲು ಏಳಲಿಲ್ಲ. ಅಮ್ಮಣ್ಣಿ ಡಬ್ಬಿಗೆ ಕೈ ಹಾಕಿದರು. ಖಾಲಿ! ಅವರೂ ನಿಂತರು, ಅದೂ ಕೂತಿತು. ಶೇರು ಒಮ್ಮೆ ಕುಂಯ್ ಅಂದಿತು.

"ದೇವಕೀ!" ಎಂದು ಅಮ್ಮಣ್ಣಿ ಲೈನಿಗೆಲ್ಲ ಕೇಳುವ ಹಾಗೆ ಕೂಗಿದರು. "ಕಡಲೆ ತಾರೇ ಬೇಗ! ಪಾಪ, ಆಗ್ಲಿಂದ ಕೂತಿದೆ! ಡಬ್ಬಿ ತುಂಬಿಸಿಡೋಕೆ ಏನಾಗಿತ್ತು ನಿಂಗೆ?"

ಆಂಟಿ ಹಿಟ್ಟಿನ ಕೈಯಲ್ಲೇ ಓಡಿಬಂದರು. ಅಮ್ಮಣ್ಣಿ ಹಿಟ್ಟು ತಾಗದಂತೆ ಮೇಲಿಂದ ಅಂಗೈಗೆ ಕಡಲೆ ಹಾಕಿಸಿಕೊಂಡು, ಹಾಗೇ ಮೇಲಿಂದ ಶೇರುವಿನ ಮುಂದೆ ಉದುರಿಸಿದರು. ದೇವರ ಕಡೆಗೆ ಹೊರಟವರು ಅರ್ಧದಲ್ಲಿ ನಿಂತು ಅಶ್ವತ್ಥನಾರಾಯಣರ ಕಡೆ ನೋಡಿದರು.

"ದೋಸೆ ತಿನ್ಕೊಂಡು ಹೋಗಪ್ಪ. ಹಗ್ಗ ಇಲ್ಲೇ ಬಿಟ್ಟು ಹೋಗು, ಮಡಿ ಬಟ್ಟೆ ಒಣಗಿಹಾಕೋಕೆ ಬರುತ್ತೆ."